ಅಸೋಸಿಯೇಷನ್ ಕೇಳಿದ ಕಾಗದವನ್ನೆಲ್ಲ ಬಾಡಿಗೆದಾರರು ಕೊಡಲೇಬೇಕೇ?

ಪ್ರಶ್ನೆ: ವೈಟ್‌ಫೀಲ್ಡ್‌ನಲ್ಲಿ ಫ್ಲ್ಯಾಟ್ ಬಾಡಿಗೆಗೆ ಹಿಡಿದಿದ್ದೇವೆ. ಓನರ್ ಜತೆ ಮಾತು, ಅಡ್ವಾನ್ಸ್ ಎಲ್ಲ ಮುಗಿದಿದೆ. ಈಗ ಅಸೋಸಿಯೇಷನ್‌ನವರು, ಮನೆಮಂದಿಯ ಆಧಾರ್ ಪ್ರತಿ, ಪೂರ್ತಿ ಅಗ್ರಿಮೆಂಟ್, ಕಂಪನಿ ಐಡಿ ಕೊಟ್ಟರೆ ಮಾತ್ರ ಸಾಮಾನಿನ ಗಾಡಿ ಒಳಗೆ ಬಿಡುತ್ತೇವೆ ಅನ್ನುತ್ತಿದ್ದಾರೆ. ಕೊಡಲೇಬೇಕಾ?

ಉತ್ತರ: ಮನೆಯಲ್ಲಿ ಯಾರು ಇರುತ್ತಾರೆ, ಫೋನ್ ನಂಬರ್ ಏನು, ಗಾಡಿ ಯಾವುದು ಎಂದು ಅವರು ಕೇಳುವುದು ನ್ಯಾಯವೇ. ರಾತ್ರಿ ಎರಡು ಗಂಟೆಗೆ ನಿಮ್ಮ ಬಾತ್‌ರೂಮಿನ ಪೈಪ್ ಒಡೆದರೆ ಯಾರಿಗಾದರೂ ಫೋನ್ ಮಾಡಬೇಕಲ್ಲ. ಆದರೆ ನೀವು ಕಟ್ಟುವ ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು ಎಂಬುದು ನಿಮಗೂ ಓನರ್‌ಗೂ ಬಿಟ್ಟ ಮಾತು. ಅಗ್ರಿಮೆಂಟ್ ಕೊಡಬೇಕಾಗಿ ಬಂದರೆ ಆ ಮೊತ್ತಗಳನ್ನು ಕಪ್ಪು ಶಾಯಿಯಲ್ಲಿ ಮುಚ್ಚಿ ಕೊಡಿ.

ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಪ್ರಕಾರ ಬೈಲಾ, ಅಂದರೆ ಅಸೋಸಿಯೇಷನ್‌ನ ನಿಯಮಾವಳಿ, ಓನರ್‌ಗಷ್ಟೇ ಅಲ್ಲ, ಬಾಡಿಗೆದಾರರಿಗೂ ಅನ್ವಯ. ಹಾಗಾಗಿ ಪಾರ್ಕಿಂಗ್, ಕಸ, ಲಿಫ್ಟ್‌ನಲ್ಲಿ ಸಾಮಾನು ಸಾಗಿಸುವ ಹೊತ್ತು, ಇವನ್ನು ನೀವೂ ಪಾಲಿಸಬೇಕು. ಹೊಸ ನಿಯಮ ಹೇಳಿದರೆ ಬೈಲಾದಲ್ಲಿ ಅದು ಎಲ್ಲಿದೆ ಎಂದು ಓನರ್ ಮೂಲಕ ಕೇಳಿಸಿ. ಅಸೋಸಿಯೇಷನ್ ಸದಸ್ಯರು ಓನರೇ. ಕಮಿಟಿಯವರು ವಾಟ್ಸಾಪ್‌ನಲ್ಲಿ ಹಾಕಿದ ಮೆಸೇಜ್ ಬೈಲಾ ಆಗುವುದಿಲ್ಲ.

ಆಧಾರ್ ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ನಿಲ್ಲಿ. ಒಮ್ಮೆ ಒಂದು ಅಪಾರ್ಟ್‌ಮೆಂಟಿನ ಸೆಕ್ಯುರಿಟಿ ಕ್ಯಾಬಿನ್‌ನಲ್ಲಿ ಕಾಯುತ್ತಾ ಕೂತಿದ್ದಾಗ, ಮೇಜಿನ ಮೇಲೆ ಟ್ಯಾಂಕರ್ ನೀರಿನ ಲೋಡ್ ಲೆಕ್ಕ ಬರೆದ ಹಾಳೆ ಬಿದ್ದಿತ್ತು. ತಿರುವಿದರೆ ಹೆಣ್ಣುಮಗಳೊಬ್ಬಳ ಆಧಾರ್ ಜೆರಾಕ್ಸ್. ಹುಟ್ಟಿದ ದಿನ, ಊರಿನ ವಿಳಾಸ, ಫೋಟೋ, ಎಲ್ಲ ಅಲ್ಲಿತ್ತು. ಅವಳು ಮನೆ ಖಾಲಿ ಮಾಡಿ ವರ್ಷವಾಗಿತ್ತಂತೆ. ಅದನ್ನು ನೋಡಿ ನನ್ನ ಹೊಟ್ಟೆ ಕಿವುಚಿದಂತಾಯಿತು.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಹೇಳಿತು. ಆ ಅರ್ಜಿ ಹಾಕಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ಕೊಡಲೇಬೇಕು ಎಂದು ಖಾಸಗಿಯವರು ಹಟ ಹಿಡಿಯುವಂತಿಲ್ಲ ಎಂಬುದು ಸುಪ್ರೀಂ ಕೋರ್ಟಿನ 2018ರ ಆಧಾರ್ ತೀರ್ಪಿನಿಂದ ಬಂದ ರಕ್ಷಣೆ. ವೋಟರ್ ಐಡಿ ಅಥವಾ ಡಿಎಲ್ ತೋರಿಸಿ. ಆಧಾರನ್ನೇ ಕೊಡುವುದಾದರೆ ಆಧಾರ್ ನೀಡುವ ಯುಐಡಿಎಐ ಸಂಸ್ಥೆಯ ತಾಣದಿಂದ ಮಾಸ್ಕ್ಡ್ ಪ್ರತಿ ಇಳಿಸಿಕೊಳ್ಳಿ, ಅದರಲ್ಲಿ ಕೊನೆಯ 4 ಅಂಕೆ ಮಾತ್ರ ಕಾಣುತ್ತವೆ. ಪ್ರತಿಯ ಮೇಲೆ ಅಡ್ಡಲಾಗಿ 'ಇಂಥ ಫ್ಲ್ಯಾಟಿನ ಬಾಡಿಗೆ ನೋಂದಣಿಗೆ ಮಾತ್ರ' ಎಂದು ಬರೆದು ತಾರೀಖು ಹಾಕಿ.

ಒಳಗೆ ಬಂದುಹೋಗುವವರನ್ನು ದಾಖಲಿಸುವ ಗೇಟ್ ಆ್ಯಪ್‌ಗೆ ಸೇರುವ ಮಾಹಿತಿಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರುತ್ತಿವೆ. ಯಾತಕ್ಕೆ ಬೇಕು ಎಂದು ಹೇಳಿಯೇ ಪಡೆಯಬೇಕು, ಕೆಲಸ ಮುಗಿದ ಮೇಲೆ ಅಳಿಸಬೇಕು ಎಂಬುದು ಅದರ ತಿರುಳು.

ಕಂಪನಿ ಐಡಿ ಕೊಡುವ ಅಗತ್ಯ ನನಗೆ ಕಾಣುತ್ತಿಲ್ಲ. ಗಾಡಿ ಬರುವ ಹಿಂದಿನ ದಿನವೇ ಇಂಥವರು ನಮ್ಮ ಫ್ಲ್ಯಾಟಿಗೆ ಬಾಡಿಗೆಗೆ ಬರುತ್ತಿದ್ದಾರೆ ಎಂದು ಓನರ್ ಕೈಯಿಂದ ಕಮಿಟಿಗೆ ಒಂದು ಮೇಲ್ ಹಾಕಿಸಿ, ನಿಮ್ಮನ್ನೂ ಅದರಲ್ಲಿ ಸೇರಿಸಲು ಹೇಳಿ. ಮುಂದೆ ಮನೆ ಬಿಡುವಾಗ ಅದೇ ಮೇಲ್‌ಗೆ ಉತ್ತರವಾಗಿ, ನಮ್ಮ ಪ್ರತಿಗಳನ್ನು ವಾಪಸ್ ಕೊಡಿ, ಆ್ಯಪ್‌ನಿಂದ ನಮ್ಮ ಹೆಸರು ತೆಗೆಯಿರಿ ಎಂದು ಬರೆಯಿರಿ.