ಆ್ಯಪ್ ಅಳಿಸುವ ಮುನ್ನ ಒಂದು ವಾರ ಬರೆದಿಡಿ

ಆಪ್ತಸಮಾಲೋಚನೆಗೆ ಬರುವವರಲ್ಲಿ ಅನೇಕರು ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಸುದ್ದಿ ಒಪ್ಪಿಸುತ್ತಾರೆ: “ಮೇಡಂ, ಇನ್‌ಸ್ಟಾಗ್ರಾಂ ತೆಗೆದುಹಾಕಿಬಿಟ್ಟೆ.” ಕೆಲವರು ಯುಗಾದಿಯ ದಿನ ತೆಗೆದಿರುತ್ತಾರೆ, ವಿದ್ಯಾರ್ಥಿಗಳಾದರೆ ಪರೀಕ್ಷೆಯ ವೇಳಾಪಟ್ಟಿ ಬಂದ ದಿನ. ಮುಂದಿನ ಭೇಟಿಯ ಹೊತ್ತಿಗೆ ಆ್ಯಪ್ ಮರಳಿ ಬಂದಿರುತ್ತದೆ. ಜೊತೆಗೆ “ನನಗೆ ಮನೋಬಲವೇ ಇಲ್ಲ” ಎಂಬ ಹೊಸ ಕೊರಗೂ ಸೇರಿಕೊಂಡಿರುತ್ತದೆ. ಈ ಕೊರಗನ್ನು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಸಿಟ್ಟು ಅವರ ಮೇಲಲ್ಲ, “ಡಿಲೀಟ್ ಮಾಡು, ಎಲ್ಲ ಸರಿಹೋಗುತ್ತದೆ” ಎಂದು ಅವರಿಗೆ ಹೇಳಿಕೊಟ್ಟವರ ಮೇಲೆ.

ನಾನು ಮತ್ತೆ ಮತ್ತೆ ಹೇಳುವುದು ಒಂದೇ ಮಾತು. ಆ್ಯಪ್ ತೆಗೆದರೆ ಆ್ಯಪ್ ಹೋಗುತ್ತದೆ. ನೀವು ಫೋನಿಗೆ ಕೈ ಚಾಚುವ ಗಳಿಗೆ ಎಲ್ಲಿಗೂ ಹೋಗುವುದಿಲ್ಲ. ಬೇಸರ, ಭಯ, ಒಂಟಿತನ, ಮನೆಯವರ ಮೇಲಿನ ಮುನಿಸು, ಇವುಗಳಲ್ಲಿ ಯಾವುದೋ ಒಂದು ಆ ಕೈಯನ್ನು ಎತ್ತಿಸುತ್ತಿರುತ್ತದೆ. ಅದನ್ನು ಗುರುತಿಸದೆ ಆ್ಯಪ್ ಅಳಿಸಿದವರು ಯೂಟ್ಯೂಬ್ ಶಾರ್ಟ್ಸ್‌ಗೆ ಹೋಗುತ್ತಾರೆ, ಅದನ್ನೂ ಬಿಟ್ಟರೆ ಬ್ರೌಸರ್‌ನಲ್ಲಿ ಅದೇ ಇನ್‌ಸ್ಟಾಗ್ರಾಂ ತೆರೆಯುತ್ತಾರೆ. ಹಳೆಯ ವಾಟ್ಸ್‌ಆ್ಯಪ್ ಸಂದೇಶಗಳನ್ನು ಮೇಲೆ ಕೆಳಗೆ ಸರಿಸುತ್ತಾ ಕೂತವರನ್ನೂ ನೋಡಿದ್ದೇನೆ.

ನಂಬಿಕೆ ಬಾರದಿದ್ದರೆ 2020 ನೆನಪಿಸಿಕೊಳ್ಳಿ. ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ಯಾರ ಮನೋಬಲವೂ ಬೇಕಾಗಲಿಲ್ಲ, ಇಡೀ ದೇಶಕ್ಕೆ ಒಂದೇ ಏಟಿಗೆ ಡಿಲೀಟ್. ಮುಂದಿನ ತಿಂಗಳೇ ಇನ್‌ಸ್ಟಾಗ್ರಾಂ ರೀಲ್ಸ್ ಬಂದಿತು, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್ ಮೊದಲು ಶುರುವಾದದ್ದೇ ನಮ್ಮ ದೇಶದಲ್ಲಿ. ಜನ ವಿಡಿಯೊ ನೋಡುವುದನ್ನು ಬಿಟ್ಟರೇ?

ಇನ್ನೊಂದು ತೊಡಕೂ ಇದೆ, ಇದನ್ನು ಬಿಡಿಸಿ ಹೇಳಬೇಕು. ಕಾಳು ಯಾವ ಕುಕ್ಕಿಗೆ ಬೀಳುತ್ತದೆಂದು ತಿಳಿಯದ ಪಾರಿವಾಳ, ಬಿಡದೆ ಕುಕ್ಕುತ್ತಲೇ ಇರುತ್ತದೆ ಎಂಬುದನ್ನು ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಕಳೆದ ಶತಮಾನದಲ್ಲಿಯೇ ತೋರಿಸಿಕೊಟ್ಟಿದ್ದರು. ಲೈಕು, ಕಾಮೆಂಟು, ಒಳ್ಳೆಯದೊಂದು ರೀಲ್ ಎಲ್ಲವೂ ಹೀಗೆಯೇ ಯಾವಾಗಲೋ ಬಂದು ಬೀಳುವಂಥವು. ಹತ್ತು ದಿನ ಆ್ಯಪ್ ಬಿಟ್ಟಿದ್ದು ಹನ್ನೊಂದನೆಯ ದಿನ ಮರಳಿದರೆ ಏನು ಕಾಣುತ್ತದೆ? ಗೆಳತಿಯರು ಕಳಿಸಿದ ರೀಲ್‌ಗಳ ರಾಶಿ, “ಎಲ್ಲಿ ಹೋದೆ, ಕಾಣಿಸಲೇ ಇಲ್ಲ” ಎಂಬ ವಿಚಾರಣೆ. ಅಷ್ಟು ದಿನದ ಕಾಳು ಒಟ್ಟಿಗೆ ಸುರಿಯುತ್ತದೆ. ಬಿಟ್ಟದ್ದಕ್ಕಿಂತ ಮರಳಿದ್ದಕ್ಕೇ ದೊಡ್ಡ ಬಹುಮಾನ. ಹೀಗಾಗಿ ಪದೇ ಪದೇ ಅಳಿಸಿ ಹಾಕಿಕೊಳ್ಳುವವರಲ್ಲಿ ಸೆಳೆತ ತಗ್ಗುವ ಬದಲು ಹೆಚ್ಚಿದ್ದನ್ನು ನಾನು ಕಂಡಿದ್ದೇನೆ. ಎಲ್ಲರಿಗೂ ಹಾಗೆಯೇ ಆಗುತ್ತದೆ ಎಂದು ಹೇಳಲಾರೆ, ಆದರೆ ಎಚ್ಚರ ಬೇಕು.

ನಾನು ಕೊಡುವ ಕೆಲಸ ಸಣ್ಣದು. ಆ್ಯಪ್ ಇರಲಿ. ನಲವತ್ತು ಪುಟದ ನೋಟ್‌ಬುಕ್ ತೆಗೆದುಕೊಂಡು ಒಂದು ವಾರ, ಫೋನ್ ಕೈಗೆ ಬಂದಾಗ ನೆನಪಾದಷ್ಟು ಸಲ, ಮೂರು ವಿಷಯ ಬರೆಯಿರಿ: ಎಷ್ಟು ಹೊತ್ತಿಗೆ, ಎಲ್ಲಿ ಕೂತಿದ್ದಿರಿ, ಅದಕ್ಕೆ ಸ್ವಲ್ಪ ಮುಂಚೆ ಏನಾಯಿತು. ಮೊದಲೆರಡನ್ನು ಎಲ್ಲರೂ ಅಚ್ಚುಕಟ್ಟಾಗಿ ಬರೆಯುತ್ತಾರೆ. ಮೂರನೆಯ ಸಾಲಿನಲ್ಲಿ ಮಾತ್ರ ಉದ್ದಕ್ಕೂ “ಏನೂ ಆಗಲಿಲ್ಲ”. ನನ್ನ ಅರ್ಧ ಕೆಲಸವೇ ಈ “ಏನೂ ಆಗಲಿಲ್ಲ” ಎಂಬುದನ್ನು ಕೆದಕುವುದು.

ಗುರುತು ಸಿಗದ ಹಾಗೆ ವಿವರ ಬದಲಿಸಿ ಒಬ್ಬರ ವಿಷಯ ಹೇಳುತ್ತೇನೆ. ಮೂವತ್ತೈದರ ಆಸುಪಾಸಿನ ಗೃಹಿಣಿ, ಗಂಡನಿಗೆ ಕಾರ್ಖಾನೆಯಲ್ಲಿ ಪಾಳಿ. ರಾತ್ರಿ ಒಂದರವರೆಗೆ ರೀಲ್ಸ್ ನೋಡುತ್ತಾರೆ, ಬೆಳಿಗ್ಗೆ ಐದೂವರೆಗೆ ಏಳಲಾರರು, ತಲೆನೋವು. ಅವರ ನೋಟ್‌ಬುಕ್ಕಿನಲ್ಲಿ ಏಳೂ ದಿನ ಒಂದೇ ಜಾಗ: ಅಡುಗೆಮನೆಯ ನೆಲ, ಗ್ಯಾಸ್ ಕಟ್ಟೆಗೆ ಬೆನ್ನು ಕೊಟ್ಟು. ಮೂರನೆಯ ಸಾಲಿನಲ್ಲಿ ಏನೂ ಆಗಲಿಲ್ಲ, ಏನೂ ಆಗಲಿಲ್ಲ. “ಅದಕ್ಕೆ ಮುಂಚೆ ಕೈಯಲ್ಲಿ ಏನಿತ್ತು ಅಮ್ಮಾ?” ಎಂದು ಕೇಳಿದೆ. ಪಾತ್ರೆ ತಿಕ್ಕುವ ನಾರು ಇತ್ತಂತೆ. ಕೊನೆಯ ಪಾತ್ರೆ ಕವುಚಿ ಹಾಕಿ, ಕಟ್ಟೆ ಒರೆಸಿ, ನೆಲಕ್ಕೆ ಕೂತರೆ ಅದೇ ಫೋನ್ ಎತ್ತಿಕೊಳ್ಳುವ ಹೊತ್ತು. ಯಾಕೆ ಹಾಸಿಗೆಗೆ ಹೋಗುವುದಿಲ್ಲ ಎಂದರೆ, ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: “ಮಲಗಿಬಿಟ್ಟರೆ ಬೆಳಗಾಗಿಬಿಡುತ್ತದೆ. ಇಡೀ ದಿನದಲ್ಲಿ ನನ್ನನ್ನು ಯಾರೂ ಕೂಗದ ಹೊತ್ತು ಅದೊಂದೇ.”

ಇವರಿಗೆ ಯಾವ ಆ್ಯಪ್ ಅಳಿಸಲು ಹೇಳಲಿ? ಅವರಿಗೆ ಬೇಕಾಗಿದ್ದದ್ದು ಯಾರೂ ಕೂಗದ ಒಂದು ಗಂಟೆ. ಅದನ್ನು ನಡುರಾತ್ರಿಯಿಂದ ಕಿತ್ತು ಹಗಲಿಗೆ ತರಬೇಕಿತ್ತು. ಗಂಡನನ್ನು ಕರೆಸಿ ಮಾತನಾಡಿದ್ದಾಯಿತು. ಅತ್ತೆ ಧಾರಾವಾಹಿ ನೋಡುವ ಸಂಜೆಯ ಅರ್ಧ ಗಂಟೆ ಇವರು ತಾರಸಿಗೆ ಹೋಗುವುದು, ಗಂಡ ಮನೆಯಲ್ಲಿರುವ ವಾರ ರಾತ್ರಿಯ ಪಾತ್ರೆ ಅವರದು ಎಂದು ತೀರ್ಮಾನವಾಯಿತು. ಆ ತೀರ್ಮಾನ ಎರಡು ಸಲ ಮುರಿದೂ ಬಿತ್ತು. ಇಂದಿಗೂ ಅವರು ರೀಲ್ಸ್ ನೋಡುತ್ತಾರೆ, ರಂಗೋಲಿಯದೇ ಹೆಚ್ಚು. ಹನ್ನೊಂದಕ್ಕೆ ಮಲಗುತ್ತಾರೆ, ನನಗೆ ಅಷ್ಟು ಸಾಕು.

ಪಿಯುಸಿ ಹುಡುಗನೊಬ್ಬನ ಪುಸ್ತಕದಲ್ಲಿ ಫೋನ್ ಎತ್ತಿದ್ದೆಲ್ಲ ರಸಾಯನಶಾಸ್ತ್ರ ಓದಲು ಕೂತ ಮೇಲೆ. ಗಣಿತಕ್ಕೆ ಕೂತ ದಿನ ಫೋನಿನ ನೆನಪೇ ಇಲ್ಲ! ಅಪ್ಪ ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಹುಡುಗ ಗೋಡೆ ನೋಡುತ್ತಾ ಕೂತಿದ್ದ. ಅವನಿಗೆ ಬೇಕಾದದ್ದು ರಸಾಯನಶಾಸ್ತ್ರವನ್ನು ಮೊದಲಿನಿಂದ ಹೇಳಿಕೊಡುವ ಒಬ್ಬ ಮೇಷ್ಟ್ರು. ಫೋನ್ ಕಸಿದುಕೊಳ್ಳುವ ಅಪ್ಪ-ಅಮ್ಮಂದಿರೇ, ದಯವಿಟ್ಟು ಮೊದಲು ಮಗು ಯಾವುದರಿಂದ ತಪ್ಪಿಸಿಕೊಳ್ಳುತ್ತಿದೆ ಎಂದು ನೋಡಿ. ತೀರ ಚಿಕ್ಕ ಮಕ್ಕಳ ಮಾತು ಬೇರೆ. ಎರಡು ವರ್ಷ ತುಂಬದ ಕೂಸಿಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಅಲ್ಲಿ ನೋಟ್‌ಬುಕ್ಕಿನ ಪ್ರಶ್ನೆಯಿಲ್ಲ, ಫೋನ್ ಕೊಡಬೇಡಿ.

ಅಳಿಸುವುದು ಯಾವಾಗಲೂ ತಪ್ಪು ಎಂದೇನೂ ಅಲ್ಲ. ಯಾರೋ ಸಂದೇಶ ಕಳಿಸಿ ಪೀಡಿಸುತ್ತಿದ್ದರೆ ಸಾಕ್ಷಿಗೆ ಚಿತ್ರ ತೆಗೆದಿಟ್ಟುಕೊಂಡು ಖಾತೆ ಮುಚ್ಚುವುದೇ ಸರಿಯಾಗಬಹುದು. ತೆಳ್ಳಗಿನ ಮೈಕಟ್ಟಿನ ಚಿತ್ರ ನೋಡಿ ನೋಡಿ ಊಟ ಬಿಟ್ಟ ಹುಡುಗಿಗೆ ಆ ಖಾತೆಗಳಿಂದ ದೂರ ಇರಲು ನಾನೇ ಹೇಳುತ್ತೇನೆ. ಇನ್ನು, ನಿದ್ದೆ ವಾರಗಟ್ಟಲೆ ಕೆಟ್ಟಿದ್ದರೆ, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ, ಬದುಕೇ ಬೇಡ ಎನ್ನಿಸುತ್ತಿದ್ದರೆ ಅದನ್ನು ಮೊಬೈಲಿನ ತಲೆಗೆ ಕಟ್ಟಿ ಕೂರಬೇಡಿ. ಖಿನ್ನತೆಗೆ ಒಳಗಾದವರು ಫೋನಿನಲ್ಲಿ ಮುಳುಗುವುದುಂಟು, ಆಗ ಚಿಕಿತ್ಸೆ ಬೇಕಿರುವುದು ಖಿನ್ನತೆಗೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್ನೆಟ್ ಬಳಕೆಯ ತೊಂದರೆಗೆಂದೇ 2014ರಲ್ಲಿ ಆರಂಭವಾದ ‘ಶಟ್’ ಕ್ಲಿನಿಕ್ ಇದೆ.

ಸಮಾಲೋಚಕರ ಬಳಿಗೆ ಹೋಗುವುದಾದರೆ, ದಿನಕ್ಕೆ ಎಷ್ಟು ಗಂಟೆ ನೋಡಿದಿರಿ ಎಂಬ ಲೆಕ್ಕದ ಜೊತೆಗೆ ಆ ನೋಟ್‌ಬುಕ್ಕನ್ನೂ ಒಯ್ಯಿರಿ. ಅಕ್ಷರ ಸೊಟ್ಟಗಿದ್ದರೂ ಚಿಂತೆಯಿಲ್ಲ, ನಡುವೆ ಎರಡು ದಿನ ಬರೆಯದಿದ್ದರೂ ಅಡ್ಡಿಯಿಲ್ಲ. ಮೂರನೆಯ ಸಾಲನ್ನು ಮಾತ್ರ ಖಾಲಿ ಬಿಡಬೇಡಿ.