ಮೆನ್ನೊನೈಟ್ ಮಿಷನ್ ಹಳ್ಳಿಯನ್ನೇ ಕೊಂಡದ್ದು ಯಾಕೆ?

ಪ್ರಶ್ನೆ: ಛತ್ತೀಸ್‌ಗಢದ ಧಮ್ತರಿ ಹತ್ತಿರ ಮೆನ್ನೊನೈಟ್ ಎಂಬ ಕ್ರೈಸ್ತ ಪಂಗಡದ ಮಿಷನ್ ಒಂದು ಇಡೀ ಹಳ್ಳಿಯನ್ನೇ ಕೊಂಡಿತ್ತಂತೆ. ಧರ್ಮಪ್ರಚಾರಕ್ಕೆ ಬಂದವರಿಗೆ ಹೊಲಗದ್ದೆ ಯಾಕೆ ಬೇಕಿತ್ತು?

ಉತ್ತರ: ಮುಖ್ಯವಾಗಿ ಬರಗಾಲದಲ್ಲಿ ಅನಾಥರಾದ ಮಕ್ಕಳಿಗಾಗಿ.

1897ರ ಬರದ ಸುದ್ದಿ ಕೇಳಿ ಅಮೆರಿಕದ ಮೆನ್ನೊನೈಟರು ಧಾನ್ಯ, ಹಣ ಕೂಡಿಸಿದರು. ಹಂಚುವ ಕೆಲಸ ನೋಡಿಕೊಳ್ಳಲು ಜಾರ್ಜ್ ಲ್ಯಾಂಬರ್ಟ್ ಭಾರತಕ್ಕೆ ಬಂದರು. ಅವರ ಹಿಂದೆಯೇ, 1899ರಲ್ಲಿ, ಜೇಕಬ್ ರೆಸ್ಲರ್ ಮತ್ತು ಡಾಕ್ಟರ್ ವಿಲಿಯಂ ಪೇಜ್ ದಂಪತಿ ಧಮ್ತರಿಯಲ್ಲಿ ನೆಲೆ ನಿಂತರು. ಆ ವರ್ಷವೂ ಮಳೆ ಕೈಕೊಟ್ಟಿತ್ತು. ಹಾಗಾಗಿ ಉಪದೇಶಕ್ಕಿಂತ ಮೊದಲು ಹಸಿದವರನ್ನು ನೋಡಿಕೊಳ್ಳಬೇಕಾಯಿತು. ಬರ ಕಳೆಯುವಷ್ಟರಲ್ಲಿ ನೂರಾರು ಅನಾಥ ಮಕ್ಕಳು ಮಿಷನ್ನಿನ ಆಸರೆಯಲ್ಲಿದ್ದರು.

ಮಕ್ಕಳಿಗೆ ಓದು, ಕಸುಬು ಕಲಿಸಿದ್ದಾಯಿತು. ದೊಡ್ಡವರಾಗಿ ಮದುವೆಯಾದ ಮೇಲೆ ಎಲ್ಲಿ ಬಾಳಬೇಕು? ಊರಿಲ್ಲ, ನೆಂಟರಿಲ್ಲ, ಜಾತಿಯವರು ಸೇರಿಸುವುದಿಲ್ಲ. ನಮ್ಮ ಮಂಗಳೂರಿನಲ್ಲಿ ಇಂಥದ್ದೇ ತೊಡಕಿಗೆ ಬಾಸೆಲ್ ಮಿಷನ್ ನೇಯ್ಗೆ, ಹೆಂಚಿನ ಕಾರ್ಖಾನೆ ಅಂತ ದಾರಿ ಕಂಡುಕೊಂಡಿತ್ತು, ಅಲ್ವಾ? ಮೆನ್ನೊನೈಟರು ತಲೆತಲಾಂತರದಿಂದ ಬೇಸಾಯ ಮಾಡಿಕೊಂಡು ಬಂದವರು. ಅವರಿಗೆ ಹೊಳೆದದ್ದು ನೆಲ. 1906ರಲ್ಲಿ ಬಾಲೋದ್‌ಗಹನ್ ಹಳ್ಳಿಯನ್ನು ಕೊಂಡರು.

ಸಮಸ್ಯೆ ಇರುವುದೂ ಇಲ್ಲೇ. ಹಳ್ಳಿಯ ಜೊತೆಗೆ ಮಾಲ್ಗುಜಾರಿಕೆಯೂ ಬಂತು. ಮಾಲ್ಗುಜಾರ ರೈತರಿಂದ ಗೇಣಿ ಎತ್ತಿ, ಸರ್ಕಾರಕ್ಕೆ ಕಂದಾಯ ಕಟ್ಟಿ, ಮಿಕ್ಕಿದ್ದನ್ನು ಇಟ್ಟುಕೊಳ್ಳುವವನು. ಭಾನುವಾರ ಬೈಬಲ್ ಓದುವ ಪಾದ್ರಿಯ ಮಿಷನ್ನಿಗೇ ಸೋಮವಾರ ಗೇಣಿ ಕೊಡಬೇಕು. ಬಾಕಿ ಉಳಿಸಿಕೊಂಡ ರೈತ ಅಂಥವರ ಮುಂದೆ ‘ನಿಮ್ಮ ಧರ್ಮ ನನಗೆ ಬೇಡ’ ಅಂತ ಧೈರ್ಯವಾಗಿ ಹೇಳುವುದು ಕಷ್ಟ. ಮಿಷನ್ನಿನವರ ಮನಸ್ಸು ಎಷ್ಟೇ ಒಳ್ಳೆಯದಿರಲಿ, ಒಡೆಯ ಒಡೆಯನೇ. ಅವರು ಮಾಡಿದ ಅನ್ನದಾನವನ್ನು ನಾನು ಮನಸಾರೆ ಗೌರವಿಸುತ್ತೇನೆ. ಈ ಏರ್ಪಾಡನ್ನು ಮಾತ್ರ ಒಪ್ಪಲಾರೆ.

ಎಲ್ಲ ಮೆನ್ನೊನೈಟರ ದಾರಿಯೂ ಇದೇ ಆಗಿರಲಿಲ್ಲ. ಛತ್ತೀಸ್‌ಗಢದ್ದೇ ಊರಾದ ಚಾಂಪಾದಲ್ಲಿ ಮೆನ್ನೊನೈಟ್ ಮಿಷನರಿ ಪಿ. ಎ. ಪೆನ್ನರ್ 1902ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ನಮ್ಮ ರಾಯಚೂರಿನ ಪಕ್ಕದ ಮಹಬೂಬ್‌ನಗರ ಸೀಮೆಯಲ್ಲಿ ಮೆನ್ನೊನೈಟ್ ಬ್ರದರನ್ ಪಂಗಡದವರು ಶಾಲೆ, ಆಸ್ಪತ್ರೆ ನಡೆಸಿದರು. ಜಡ್ಚರ್ಲದ ಆಸ್ಪತ್ರೆ ಅವರದ್ದೇ.

ಸ್ವಾತಂತ್ರ್ಯ ಬಂದ ಮೇಲೆ ಮಧ್ಯಪ್ರದೇಶ ಸರ್ಕಾರದ 1950ರ ಕಾಯ್ದೆ ಮಾಲ್ಗುಜಾರಿ ಪದ್ಧತಿಯನ್ನೇ ರದ್ದು ಮಾಡಿತು. ಧಮ್ತರಿಯ ಮಿಷನ್ ಆಸ್ಪತ್ರೆ ಉಳಿದುಕೊಂಡಿತು.