ಪದ ಪರಿಚಯ: ತ್ವರಿತ ಅನುಮೋದನೆ

ಶೇಂಗಾ ಗಿಡದಲ್ಲಿ ಹಳದಿ ಹೂವು ಎಷ್ಟೇ ಒತ್ತಾಗಿ ಬಿಟ್ಟಿದ್ದರೂ ಕಾಯಿ ಕಟ್ಟುವುದು ಮಣ್ಣಿನೊಳಗೆ, ಗಿಡ ಕಿತ್ತು ನೋಡುವ ತನಕ ಅದು ಗಟ್ಟಿಯೋ ಜೊಳ್ಳೋ ತಿಳಿಯದು ಎಂಬುದನ್ನು ಚಳ್ಳಕೆರೆ ಸೀಮೆಯ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೂ ಹೂವನ್ನು ನಂಬಿಯೇ ಅವರು ಇಳುವರಿಯ ಲೆಕ್ಕ ಹಾಕುತ್ತಾರೆ, ಆ ಲೆಕ್ಕದ ಮೇಲೆ ಸಾಲವನ್ನೂ ತರುತ್ತಾರೆ. ಔಷಧ ನಿಯಮಗಳಲ್ಲಿ ಬರುವ ‘ತ್ವರಿತ ಅನುಮೋದನೆ’ಯ ಅರ್ಥವನ್ನು ಹಿಡಿಯಲು ಇದಕ್ಕಿಂತ ಹತ್ತಿರದ ಹೋಲಿಕೆ ನನಗೆ ಸಿಕ್ಕಿಲ್ಲ.

‘ತ್ವರಿತ’ ಎಂದೊಡನೆ ಕಡತ ಬೇಗ ಸಾಗುತ್ತದೆ ಎಂದು ಭಾವಿಸುವುದು ಸಹಜ. ಆದರೆ ಅದಕ್ಕೆ ‘ಆದ್ಯತಾ ಪರಿಶೀಲನೆ’ ಎಂಬ ಬೇರೆಯೇ ಹೆಸರಿದೆ. ಅಮೆರಿಕದಲ್ಲಿ ಸಾಮಾನ್ಯ ಪರಿಶೀಲನೆಗೆ 10 ತಿಂಗಳ ಗುರಿಯಿದ್ದರೆ ಇದಕ್ಕೆ 6 ತಿಂಗಳು. ಒದಗಿಸಬೇಕಾದ ಪುರಾವೆ ಮಾತ್ರ ಎರಡರಲ್ಲೂ ಒಂದೇ. ತ್ವರಿತ ಅನುಮೋದನೆಯಲ್ಲಿ ಬದಲಾಗುವುದು ಪುರಾವೆಯ ಸ್ವರೂಪವೇ. ರೋಗಿ ಹೆಚ್ಚು ಕಾಲ ಬದುಕಿದನೇ ಎಂದು ವರ್ಷಗಟ್ಟಲೆ ಕಾಯುವ ಬದಲು, ಬದುಕುವ ಸಾಧ್ಯತೆಯನ್ನು ಮೊದಲೇ ಸೂಚಿಸಬಲ್ಲ ಒಂದು ಗುರುತನ್ನು, ಅಂದರೆ ‘ಬದಲಿ ಸೂಚಕ’ವನ್ನು, ಅಳೆದು ಒಪ್ಪಿಗೆ ಕೊಡಲಾಗುತ್ತದೆ. ಗಡ್ಡೆ ಕುಗ್ಗುವುದು ಅಂಥ ಒಂದು ಗುರುತು. ಏಡ್ಸ್ ರೋಗಿಯ ರಕ್ತದಲ್ಲಿ ರೋಗನಿರೋಧಕ ಶಕ್ತಿಗೆ ಆಧಾರವಾದ ಸಿಡಿ4 ಕಣಗಳು ಹೆಚ್ಚುವುದು ಇನ್ನೊಂದು. ಏಡ್ಸ್ ಪೀಡಿತರು ಕಾಯಲು ಆಯಸ್ಸಿಲ್ಲವೆಂದು ಬೀದಿಗಿಳಿದ ಕಾಲದಲ್ಲಿ, 1992ರಲ್ಲಿ, ಅಮೆರಿಕ ಈ ದಾರಿಯನ್ನು ನಿಯಮವಾಗಿಸಿತು. ಭಾರತದಲ್ಲಿ 2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮಾವಳಿ ಇದಕ್ಕೆ ಅವಕಾಶ ನೀಡಿದೆ: ಪ್ರಾಣಾಂತಿಕ ಕಾಯಿಲೆಗೆ ಸರಿಯಾದ ಮದ್ದಿಲ್ಲದಿದ್ದಾಗ, ಸೀಮಿತ ಸಂಖ್ಯೆಯ ರೋಗಿಗಳ ಮೇಲೆ ನಡೆಯುವ ಎರಡನೇ ಹಂತದ ಪ್ರಯೋಗದಲ್ಲಿಯೇ ಗಮನಾರ್ಹ ಫಲ ಕಂಡರೆ, ಮಾರಾಟಕ್ಕೆ ಒಪ್ಪಿಗೆ ಕೊಡಬಹುದು.

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹೊಗೆಯ ನಡುವೆ ಕೆಮ್ಮುತ್ತ ದುಡಿಯುವವರನ್ನು ಕಂಡು ಬೆಳೆದ ನನಗೆ ಕ್ಷಯರೋಗದ ಔಷಧವಾದ ಬೆಡಾಕ್ವಿಲಿನ್‌ನ ಕಥೆಯೇ ಇಲ್ಲಿ ಮುಖ್ಯವೆನಿಸುತ್ತದೆ. ಸುಮಾರು 40 ವರ್ಷಗಳ ನಂತರ ಕ್ಷಯಕ್ಕೆ ಬಂದ ಹೊಸ ಬಗೆಯ ಈ ಮದ್ದಿಗೆ ಅಮೆರಿಕ 2012ರ ಡಿಸೆಂಬರಿನಲ್ಲಿ ತ್ವರಿತ ಅನುಮೋದನೆ ನೀಡಿತು. ಕಫದಲ್ಲಿ ರೋಗಾಣು ಬೆಳೆಯದಂತಾಗುವುದೇ ಅಲ್ಲಿನ ಬದಲಿ ಸೂಚಕವಾಗಿತ್ತು, ಮತ್ತು ಆ ಫಲ ಚೆನ್ನಾಗಿಯೇ ಇತ್ತು. ಆದರೆ ಅದೇ ಪ್ರಯೋಗದಲ್ಲಿ ಔಷಧ ಪಡೆದ 79 ಮಂದಿಯಲ್ಲಿ 10 ಜನ ತೀರಿಕೊಂಡಿದ್ದರು. ಪಡೆಯದ 81 ಮಂದಿಯಲ್ಲಿ ಇಬ್ಬರು. ಕಫ ಶುದ್ಧವಾದರೂ ಸಾವು ಹೆಚ್ಚಿದ್ದೇಕೆ ಎಂಬುದಕ್ಕೆ ಆಗ ಉತ್ತರವಿರಲಿಲ್ಲ. ಆದ್ದರಿಂದ ಕಟ್ಟುನಿಟ್ಟಿನ ಎಚ್ಚರಿಕೆಯೊಂದಿಗೆ ಒಪ್ಪಿಗೆ ಸಿಕ್ಕಿತು, ಭಾರತವೂ 2016ರಲ್ಲಿ ಆಯ್ದ ಆರು ಕೇಂದ್ರಗಳಲ್ಲಷ್ಟೇ ಅದನ್ನು ಕೊಡಲಾರಂಭಿಸಿತು. ಮುಂದೆ ಸಾವಿರಾರು ರೋಗಿಗಳ ದಾಖಲೆಗಳು ಸೇರಿದಾಗ ಸಾವು ಕಡಿಮೆಯಾದದ್ದೇ ಕಂಡುಬಂತು, 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಔಷಧ ನಿರೋಧಕ ಕ್ಷಯದ ಮೊದಲ ಸಾಲಿನ ಮದ್ದುಗಳಲ್ಲಿ ಸೇರಿಸಿತು. ಇಲ್ಲಿ ಹೂವು ಕಾಯಿಯಾಯಿತು.

ಎಲ್ಲ ಸಲವೂ ಹಾಗಾಗುವುದಿಲ್ಲ. ಸ್ತನ ಕ್ಯಾನ್ಸರಿಗೆ ಅಮೆರಿಕದಲ್ಲಿ 2008ರಲ್ಲಿ ಇದೇ ದಾರಿಯಲ್ಲಿ ಒಪ್ಪಿಗೆ ಪಡೆದ ಅವಾಸ್ಟಿನ್ ಎಂಬ ಔಷಧ, ಆಯಸ್ಸನ್ನು ಹೆಚ್ಚಿಸುವುದನ್ನು ಮುಂದಿನ ಪ್ರಯೋಗಗಳಲ್ಲಿ ತೋರಿಸಲಾಗದೆ, 2011ರಲ್ಲಿ ಆ ಬಳಕೆಯ ಒಪ್ಪಿಗೆಯನ್ನು ಕಳೆದುಕೊಂಡಿತು. ಈ ಅನುಮೋದನೆಯನ್ನು ಸಾಲ ಎನ್ನುವುದು ಅದಕ್ಕಾಗಿಯೇ: ಮಾರಾಟ ಮೊದಲು, ಪೂರ್ಣ ಪುರಾವೆ ಆಮೇಲೆ, ಆದರೆ ಪುರಾವೆ ಬಂದೇ ತೀರಬೇಕು. ಕಂಪನಿಗಳು ಆ ನಂತರದ ಪ್ರಯೋಗವನ್ನು ವರ್ಷಗಟ್ಟಲೆ ಎಳೆದಾಡುವುದೇ ಈ ಪದ್ಧತಿಯ ದೊಡ್ಡ ಕೊರತೆಯೆಂದು ನಾನು ಭಾವಿಸುತ್ತೇನೆ, ಏಕೆಂದರೆ ಅಷ್ಟೂ ಕಾಲ ಅದರ ಬಡ್ಡಿ ಕಟ್ಟುವವನು ರೋಗಿ.

2024ರ ಆಗಸ್ಟಿನಲ್ಲಿ ಕೇಂದ್ರವು ಹೊರಡಿಸಿದ ಆದೇಶವನ್ನು ಇದರೊಂದಿಗೆ ಬೆರೆಸಬಾರದು. ಅಮೆರಿಕ, ಬ್ರಿಟನ್, ಜಪಾನ್, ಆಸ್ಟ್ರೇಲಿಯಾ, ಕೆನಡಾ ಮತ್ತು ಐರೋಪ್ಯ ಒಕ್ಕೂಟದಲ್ಲಿ ಒಪ್ಪಿಗೆ ಪಡೆದ ಐದು ಬಗೆಯ ಔಷಧಗಳಿಗೆ, ಅಪರೂಪದ ಕಾಯಿಲೆಗಳ ಮದ್ದೂ ಅವುಗಳಲ್ಲೊಂದು, ಇಲ್ಲಿ ಮತ್ತೆ ಪ್ರಯೋಗ ನಡೆಸುವುದರಿಂದ ಅದು ವಿನಾಯಿತಿ ಕೊಡುತ್ತದೆ. ಅದರ ಹೆಸರು ‘ಸ್ಥಳೀಯ ಪ್ರಯೋಗ ವಿನಾಯಿತಿ’. ಅಲ್ಲಿ ಪೂರ್ಣ ಪುರಾವೆ ಬೇರೆ ದೇಶದ ಜನರ ಮೇಲೆ ಈಗಾಗಲೇ ಸಿದ್ಧವಾಗಿರಬಹುದು, ನಮ್ಮ ಜನರ ಮೇಲೆ ಅದು ಹೇಗೆ ವರ್ತಿಸುತ್ತದೆ ಎಂಬುದನ್ನು ಮಾರಾಟದ ನಂತರದ ನಾಲ್ಕನೇ ಹಂತದ ಪ್ರಯೋಗದಲ್ಲಿ ನೋಡಬೇಕಾಗುತ್ತದೆ.